ಫಾರಂ ತುಂಬಿದ್ದಾಯ್ತು, ಮುಂದೇನು?

ಎರಡು ಸಂಚಿಕೆ ಹಿಂದೆ ಇದೇ ಪುಟದಲ್ಲಿ ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಬರೆಯುವಾಗ, ನಮ್ಮ ಅತ್ತೆಯವರ ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಟ್ಟೆವು ಅಂತ ಒಂದು ಸಾಲು ಸೇರಿಸಿದ್ದೆ. ಒಂದೇ ಸಾಲು. ಅದಕ್ಕೆ ಬಂದ ಪತ್ರಗಳ ರಾಶಿ ನೋಡಿದರೆ ಮೂಲ ಪ್ರಶ್ನೆ ಏನಿತ್ತು ಅನ್ನುವುದೇ ನನಗೆ ಮರೆತುಹೋಗಿದೆ. ಸಂಪಾದಕರು "ಈ ಸಲ ಪುಟ ಪೂರ್ತಿ ಇದಕ್ಕೇ ಇಟ್ಟುಬಿಡಿ" ಅಂದರು. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ, ವಕೀಲಳೂ ಅಲ್ಲ. ಒಂದು ಸಲ ಈ ಕೆಲಸ ಮಾಡಿ, ಸಾಕಷ್ಟು ಎಡವಿ, ಆಮೇಲೆ ಗೊತ್ತಿದ್ದವರನ್ನೆಲ್ಲ ಕೇಳಿ ತಿಳಿದುಕೊಂಡವಳು.

ನನಗೆ 71, ನಮ್ಮ ಮನೆಯವರಿಗೆ 66. ಇಬ್ಬರೂ ದೇಹದಾನ ಮಾಡೋಣ ಅಂತ ಮನಸ್ಸು ಮಾಡಿದ್ದೇವೆ. ಎಲ್ಲಿಗೆ ಹೋಗಬೇಕು, ಎಷ್ಟು ಖರ್ಚು, ವಕೀಲರು ಬೇಕೇ?
– ನಿವೃತ್ತ ಬ್ಯಾಂಕ್ ನೌಕರ, ಹನುಮಂತನಗರ

ವಕೀಲರು ಬೇಡ ಸರ್. ಕಾಲೇಜಿಗೆ ದುಡ್ಡು ಕಟ್ಟುವುದೂ ಇಲ್ಲ, ಅವರು ನಿಮಗೆ ಕೊಡುವುದೂ ಇಲ್ಲ. ನೀವು ಹೋಗಬೇಕಾದ್ದು ಮೆಡಿಕಲ್ ಕಾಲೇಜಿನ ಅನಾಟಮಿ, ಅಂದರೆ ದೇಹದ ರಚನೆ ಕಲಿಸುವ ವಿಭಾಗಕ್ಕೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಪಕ್ಕದ ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿದರೆ ಅಲ್ಲಿರುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೊನೆಗೆ ಶವಾಗಾರದ ದಾರಿ ತೋರಿಸುತ್ತಾರೆ. ನಮಗೆ ಹಾಗೇ ಆಗಿತ್ತು.

ನಿಮಗೆ ಹತ್ತಿರ ಅಂದರೆ ಕೋಟೆ ಬಳಿ ಕೆ.ಆರ್. ರಸ್ತೆಯ ಬೆಂಗಳೂರು ಮೆಡಿಕಲ್ ಕಾಲೇಜು, 1955ರಲ್ಲಿ ಶುರುವಾದದ್ದು, ಸರ್ಕಾರದ್ದು. ಬನಶಂಕರಿ ಕಡೆ ಕಿಮ್ಸ್ ಇದೆ. ಬೇರೆ ಬಡಾವಣೆಯವರೂ ಓದುತ್ತಿರುವುದರಿಂದ ಹೇಳುತ್ತೇನೆ, ಕೋರಮಂಗಲದ ಹತ್ತಿರ ಸೇಂಟ್ ಜಾನ್ಸ್, ಮತ್ತಿಕೆರೆ ಕಡೆ ರಾಮಯ್ಯ, ರಾಜಾಜಿನಗರದಲ್ಲಿ ಇಎಸ್‌ಐ ಮೆಡಿಕಲ್ ಕಾಲೇಜು. ಫಾರಂ ಅಲ್ಲೇ ಸಿಗುತ್ತದೆ. ಫೋಟೊ, ಆಧಾರ್ ಜೆರಾಕ್ಸ್, ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ. ಸಾಕ್ಷಿಗಳಲ್ಲಿ ಒಬ್ಬರು ಹತ್ತಿರದ ಸಂಬಂಧಿಕರಾಗಿರಲಿ ಅಂತ ಸಾಮಾನ್ಯವಾಗಿ ಕೇಳುತ್ತಾರೆ. ಕೆಲವರು ನೋಟರಿ ಮಾಡಿಸಿಕೊಂಡು ಬನ್ನಿ ಅನ್ನುತ್ತಾರೆ, ಕೆಲವರಿಗೆ ಬೇಡ. ಒಂದೊಂದು ಕಾಲೇಜಿನದು ಒಂದೊಂದು ಪದ್ಧತಿ, ಮೊದಲೇ ಫೋನ್ ಮಾಡಿ ಕೇಳಿಕೊಂಡರೆ ಒಂದು ಓಡಾಟ ಉಳಿಯುತ್ತದೆ. ಇದಕ್ಕೆಲ್ಲ ಹಿಂದಿರುವ ಕಾನೂನು 1957ರ ಕರ್ನಾಟಕ ಅನಾಟಮಿ ಕಾಯ್ದೆ.

ಕಾಲೇಜನ್ನು ಆರಿಸುವಾಗ ಒಂದೇ ವಿಷಯ ನೋಡಿ: ಮನೆಗೆ ಹತ್ತಿರ ಇದೆಯಾ. "ನಮ್ಮ ತಂಗಿ ಮಗ ಅಲ್ಲಿ ಡಾಕ್ಟರು" ಅಂತ ಊರಾಚೆಯ ಕಾಲೇಜಿಗೆ ಬರೆದುಕೊಟ್ಟರೆ, ಆ ದಿನ ಟ್ರಾಫಿಕ್‌ನಲ್ಲಿ ಒದ್ದಾಡುವವರು ನಿಮ್ಮ ಮಕ್ಕಳು. ಫಾರಂ ಕೊಟ್ಟ ಕಾಲೇಜಿಗೇ ದೇಹ ಹೋಗಬೇಕು ಅಂತಲೂ ಇಲ್ಲ. ಮೈಸೂರಿಗೆ ಮಗಳ ಮನೆಗೆ ಹೋಗಿದ್ದಾಗ ಏನಾದರೂ ಆದರೆ, ಅಲ್ಲಿನ ಕಾಲೇಜನ್ನೇ ಕೇಳಬಹುದು.

ನಮ್ಮ ತಂದೆ ಫಾರಂ ತುಂಬಿ ದೇಹದಾನದ ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ನಾಳೆ ಹೆಚ್ಚುಕಡಿಮೆ ಆದರೆ ನಾನು ಮೊದಲು ಏನು ಮಾಡಬೇಕು? ಅದೂ ರಾತ್ರಿ ಹೊತ್ತು ಆದರೆ?
– ಮಗಳು, ಮಲ್ಲೇಶ್ವರಂ

ಬಂದ ಪತ್ರಗಳಲ್ಲಿ ನನಗೆ ಜಾಸ್ತಿ ಬೇಕಾಗಿದ್ದ ಪ್ರಶ್ನೆ ಇದು. ಫಾರಂ ತುಂಬುವುದು ಅಪ್ಪ, ಆದರೆ ದಾನ ಮಾಡುವುದು ನೀವು. ಅವರು ಹೋದ ಮೇಲೆ ಯಾರೂ ನಿಮ್ಮ ಬಾಗಿಲು ತಟ್ಟಿ "ಕಾರ್ಡ್ ಇತ್ತಲ್ವಾ, ಕೊಡಿ" ಅಂತ ಕೇಳುವುದಿಲ್ಲ. ನೀವು ಫೋನ್ ಮಾಡದಿದ್ದರೆ ಆ ಕಾರ್ಡ್ ಪರ್ಸಿನಲ್ಲೇ ಇರುತ್ತದೆ.

ನಮ್ಮ ಅತ್ತೆ ತೀರಿಕೊಂಡಿದ್ದು ಒಂದು ಶನಿವಾರ ರಾತ್ರಿ, ಮನೆಯಲ್ಲೇ, ಹನ್ನೊಂದೂವರೆ ಇರಬಹುದು. ಕಾರ್ಡಿನ ಮೇಲಿದ್ದ ನಂಬರಿಗೆ ಮಾಡಿದರೆ ರಿಂಗ್ ಆಗುತ್ತಲೇ ಇದೆ. ಅದು ವಿಭಾಗದ ಆಫೀಸಿನ ಫೋನು, ಸಂಜೆ ಬೀಗ ಹಾಕಿಕೊಂಡು ಹೋಗಿರುತ್ತಾರೆ, ಮಾರನೇ ದಿನ ನೋಡಿದರೆ ಭಾನುವಾರ. ಬೆಳಗಿನ ಜಾವಕ್ಕೆ ನೆಂಟರು ಸೇರಿದರು. ಹಿರಿಯರೊಬ್ಬರು "ಇನ್ನು ಕಾಯೋದು ಬೇಡಮ್ಮ, ವಿಲ್ಸನ್ ಗಾರ್ಡನ್ ಚಿತಾಗಾರಕ್ಕೆ ಹೊರಡೋಣ" ಅಂದೂಬಿಟ್ಟರು. ಅವರದು ತಪ್ಪೂ ಅಲ್ಲ. ಆಗ ನಮ್ಮ ನಾದಿನಿಯ ಮಗ ಯಾರಿಗೂ ಹೇಳದೆ ಆಟೊ ಹಿಡಿದು ನೇರವಾಗಿ ಕಾಲೇಜಿನ ಗೇಟಿಗೇ ಹೋದ. ಸೆಕ್ಯುರಿಟಿಯವರ ಹತ್ತಿರ ಅಟೆಂಡರ್ ಮೊಬೈಲ್ ನಂಬರ್ ಇತ್ತು. ಅಟೆಂಡರ್ ಎದ್ದು ಇನ್ನೊಬ್ಬರಿಗೆ ಫೋನ್ ಮಾಡಿದರು, ಅವರು ವಿಭಾಗದ ಮೇಡಂಗೆ ಮಾಡಿದರು. ಹತ್ತೂವರೆಗೆ ಅತ್ತೆ ಅಲ್ಲಿಗೆ ತಲುಪಿದರು. ಆ ಕಾಲೇಜಿನ ಹೆಸರು ಬೇಡ, ಬಂದ ಮೇಲೆ ಅವರೆಲ್ಲ ತುಂಬಾ ಮರ್ಯಾದೆಯಿಂದ ನಡೆದುಕೊಂಡರು.

ಹಾಗಾಗಿ ನಾಳೆಯೇ ಆ ಕಾರ್ಡಿನ ನಂಬರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಭಾನುವಾರ ರಾತ್ರಿ ಆದರೆ ಯಾರಿಗೆ ಫೋನ್ ಮಾಡಬೇಕು?" ಅವರು ಕೊಟ್ಟ ನಂಬರನ್ನು ಫ್ರಿಜ್ ಮೇಲೆ ಅಂಟಿಸಿ. ಗಾಡಿ ಅವರು ಕಳಿಸುತ್ತಾರಾ, ನೀವೇ ಮಾಡಿಕೊಳ್ಳಬೇಕಾ, ಅದನ್ನೂ ಆಗಲೇ ಕೇಳಿ.

ಆ ದಿನ ಮೊದಲು ಬೇಕಾಗುವುದು ಡಾಕ್ಟರು. ಸಾವು ಸಹಜ, ಕಾರಣ ಇಂಥದ್ದು ಅಂತ ಬರೆದುಕೊಡುವ ಪ್ರಮಾಣಪತ್ರ ಇಲ್ಲದೆ ಯಾವ ಕಾಲೇಜೂ ದೇಹ ತೆಗೆದುಕೊಳ್ಳುವುದಿಲ್ಲ. ಆಸ್ಪತ್ರೆಯಲ್ಲಿ ಆದರೆ ಅವರೇ ಫಾರಂ 4 ಕೊಡುತ್ತಾರೆ. ಮನೆಯಲ್ಲಿ ಆದರೆ ಅಪ್ಪನನ್ನು ನೋಡುತ್ತಿದ್ದ ಡಾಕ್ಟರು ಬಂದು ಫಾರಂ 4ಎ ಬರೆದುಕೊಡಬೇಕು. ಈಗ ಬೆಂಗಳೂರಿನಲ್ಲಿ ಮನೆಗೆ ಬರುವ ಡಾಕ್ಟರೇ ಕಡಿಮೆ. ಗಾಬರಿಯಲ್ಲಿ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಓಡಿ, ಅಲ್ಲಿ "ಬರುವ ಮೊದಲೇ ಹೋಗಿದ್ದಾರೆ" ಅಂತ ಬರೆದು ಪೊಲೀಸರಿಗೆ ತಿಳಿಸಿದರೆ, ಕೆಲವೊಮ್ಮೆ ಪೋಸ್ಟ್‌ಮಾರ್ಟಂವರೆಗೂ ಹೋಗುತ್ತದೆ. ಪೋಸ್ಟ್‌ಮಾರ್ಟಂ ಆದ ದೇಹವನ್ನು ಸಾಮಾನ್ಯವಾಗಿ ಅನಾಟಮಿಯವರು ತೆಗೆದುಕೊಳ್ಳುವುದಿಲ್ಲ. ಉಸಿರಿದ್ದರೆ ಆಸ್ಪತ್ರೆಗೆ ಓಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಯಸ್ಸಾಗಿ ಹಾಸಿಗೆ ಹಿಡಿದವರಿದ್ದರೆ, "ಅಂಥ ಹೊತ್ತಲ್ಲಿ ನೀವು ಬರ್ತೀರಾ ಡಾಕ್ಟರೇ?" ಅಂತ ಅವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕೇಳಲು ನನಗೂ ನಾಲಿಗೆ ಬಂದಿರಲಿಲ್ಲ, ಕೇಳಿದ್ದು ಒಳ್ಳೆಯದಾಯಿತು.

ಆಮೇಲಿನದು ಸಣ್ಣ ಪುಟ್ಟದ್ದು. ಬೇಗ ತಲುಪಿಸಬೇಕು, ತಡವಾಗುವಂತಿದ್ದರೆ ಫ್ರೀಜರ್ ಬಾಕ್ಸ್ ತರಿಸಿ. ಮಗ ಅಮೆರಿಕದಿಂದ ಬರಬೇಕು, ಎರಡು ದಿನ ಇಟ್ಟುಕೊಳ್ಳುತ್ತೇವೆ ಅಂದರೆ ಕಾಲೇಜಿನವರನ್ನು ಕೇಳಿಯೇ ಇಟ್ಟುಕೊಳ್ಳಬೇಕು. ಒಡವೆ ಎಲ್ಲ ಮನೆಯಲ್ಲೇ ತೆಗೆದಿಡಿ. ಹೋದವರ ಆಧಾರ್, ನಿಮ್ಮ ಆಧಾರ್, ಡಾಕ್ಟರ ಪತ್ರ ಜೊತೆಗಿರಲಿ. ಕಾಲೇಜಿನವರು ದೇಹ ಪಡೆದಿದ್ದಕ್ಕೆ ಪತ್ರ ಕೊಡುತ್ತಾರೆ, ಅದನ್ನು ಜೋಪಾನ ಮಾಡಿ. ಚಿತಾಗಾರದ ರಸೀದಿ ಇರುವುದಿಲ್ಲವಲ್ಲ, ಮನೆಯಲ್ಲಾದ ಸಾವನ್ನು ಪಾಲಿಕೆಯಲ್ಲಿ ನೋಂದಾಯಿಸುವಾಗ ಈ ಪತ್ರವೇ ಕೆಲಸಕ್ಕೆ ಬರುವುದು. ನೋಂದಣಿಗೆ 21 ದಿನ ಇರುತ್ತದೆ.

ಕಣ್ಣು, ಕಿಡ್ನಿ, ಹೃದಯ ಎಲ್ಲಾ ಕೊಟ್ಟು, ಉಳಿದ ದೇಹವನ್ನೂ ಕೊಡಬಹುದಲ್ವಾ ಮೇಡಂ? ಎಲ್ಲದಕ್ಕೂ ಒಂದೇ ಫಾರಂ ಇಲ್ಲವೇ?
– ಗೃಹಿಣಿ, ವಿಜಯನಗರ

ಒಂದೇ ಫಾರಂ ಇಲ್ಲ, ಒಂದೇ ಆಫೀಸೂ ಇಲ್ಲ. ಕಿಡ್ನಿ, ಲಿವರ್, ಹೃದಯ ಇವೆಲ್ಲ ಮನೆಯಲ್ಲಿ ತೀರಿಕೊಂಡವರಿಂದ ತೆಗೆಯಲು ಆಗುವುದಿಲ್ಲ. ಮೆದುಳು ಸತ್ತು, ವೆಂಟಿಲೇಟರ್ ಸಹಾಯದಿಂದ ಹೃದಯ ಇನ್ನೂ ಬಡಿಯುತ್ತಿರುವಾಗ, ಐಸಿಯುನಲ್ಲಿ, ಮನೆಯವರು ಒಪ್ಪಿದ ಮೇಲೆ ನಡೆಯುವ ಕೆಲಸ ಅದು. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರಿಗೆ ಬೈಕ್ ಅಪಘಾತವಾದಾಗ ಆಗಿದ್ದು ಅದೇ. ಅದಕ್ಕೆ 1994ರ ಬೇರೆ ಕಾನೂನಿದೆ, ನಮ್ಮ ರಾಜ್ಯದಲ್ಲಿ ಅದನ್ನು ನೋಡಿಕೊಳ್ಳುವುದು 'ಜೀವಸಾರ್ಥಕತೆ' ಸಂಸ್ಥೆ. ಹಾಗೆ ಅಂಗ ತೆಗೆದ ದೇಹದಲ್ಲಿ ರಕ್ತನಾಳಗಳೆಲ್ಲ ಕತ್ತರಿಸಿರುತ್ತವೆ, ಔಷಧ ತುಂಬಿ ಕೆಡದಂತೆ ಇಡುವುದು ಕಷ್ಟ. ಅದಕ್ಕೇ ಅನಾಟಮಿಯವರು ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಎರಡಕ್ಕೂ ಹೆಸರು ಬರೆಸಿಡಿ, ಯಾವುದು ಆಗುತ್ತದೋ ಅದು ಆಗಲಿ. ಆಯ್ಕೆ ಬಂದರೆ ಅಂಗದಾನವೇ ಮೊದಲು, ನನ್ನ ಲೆಕ್ಕದಲ್ಲಿ. ಓದುವ ಹುಡುಗರು ಇನ್ನೊಂದು ದೇಹಕ್ಕೆ ಕಾಯಬಹುದು, ಕಿಡ್ನಿ ಬೇಕಾದವರು ಕಾಯಲಾರರು.

ಕಣ್ಣಿನ ಮಾತೇ ಬೇರೆ. ಕಣ್ಣು ಕೊಟ್ಟು ದೇಹವನ್ನೂ ಕೊಡಬಹುದು. ಉಸಿರು ನಿಂತ ಆರು ಗಂಟೆಯೊಳಗೆ ಆಗಬೇಕು. ಐ ಬ್ಯಾಂಕ್‌ನವರೇ ಮನೆಗೆ ಬರುತ್ತಾರೆ, ಅರ್ಧ ಗಂಟೆಯ ಒಳಗಿನ ಕೆಲಸ, ಮುಖ ವಿಕಾರವಾಗುವುದಿಲ್ಲ. ಅವರು ಬರುವವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಇಟ್ಟು ಸ್ವಲ್ಪ ಎತ್ತರ ಮಾಡಿ. ಕನ್ನಡಕ ಇತ್ತು, ಪೊರೆ ಆಪರೇಷನ್ ಆಗಿತ್ತು, ಸಕ್ಕರೆ ಕಾಯಿಲೆ ಇತ್ತು ಅಂತ ನೀವೇ ಬೇಡ ಅಂದುಕೊಳ್ಳಬೇಡಿ, ಅವು ಅಡ್ಡಿಯಲ್ಲ. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ಹೋದಾಗ ಬೆಂಗಳೂರು ಹೇಗೆ ಹೊತ್ತಿ ಉರಿಯುತ್ತಿತ್ತು ಅಂತ ನಿಮಗೆ ನೆನಪಿರಬಹುದು, ಆ ಗಲಾಟೆಯಲ್ಲೂ ಅವರ ಕಣ್ಣು ದಾನವಾಯಿತು. 2021ರಲ್ಲಿ ಅಪ್ಪುವಿನ ಎರಡು ಕಣ್ಣಿನ ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ಕು ಜನಕ್ಕೆ ಹಾಕಿದರು.

ಸುಟ್ಟಗಾಯದವರಿಗಾಗಿ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮದ ಬ್ಯಾಂಕ್ ಇದೆ. ಚರ್ಮವನ್ನೂ ದೇಹವನ್ನೂ ಎರಡೂ ಕೊಡುವ ಯೋಚನೆಯಿದ್ದರೆ ನಿಮ್ಮ ಕಾಲೇಜಿನವರನ್ನು ಒಂದು ಮಾತು ಕೇಳಿ.

ಅಮ್ಮ ದೇಹದಾನದ ಫಾರಂಗೆ ಸಹಿ ಮಾಡಿದ್ದಾರೆ, ನಾನು ಸಾಕ್ಷಿ. ಅಣ್ಣ ಮಾತ್ರ "ನಾನು ಇರೋವರೆಗೂ ಅಮ್ಮನ್ನ ಕೊಯ್ಯೋಕೆ ಬಿಡಲ್ಲ" ಅಂತಾನೆ. ಕಾನೂನು ಯಾರ ಕಡೆ?
– ಹೆಸರು ಬೇಡ, ಜಯನಗರ

ಕಾನೂನಿನ ಮಾತಿಗೆ ಕೇರಳದ ಒಂದು ಪ್ರಕರಣ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಎಂ.ಎಂ. ಲಾರೆನ್ಸ್ ಅನ್ನುವ ಹಿರಿಯ ಕಮ್ಯುನಿಸ್ಟ್ ನಾಯಕರು ತೀರಿಕೊಂಡರು. ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಡುವುದು ಅಪ್ಪನ ಆಸೆ ಅಂತ ಮಗ, ಇಲ್ಲ, ಚರ್ಚಿನ ಪ್ರಕಾರ ಮಣ್ಣಾಗಬೇಕು ಅಂತ ಒಬ್ಬ ಮಗಳು. ಅಂತಿಮ ದರ್ಶನಕ್ಕೆ ಇಟ್ಟಿದ್ದ ಹಾಲ್‌ನಲ್ಲೇ ತಳ್ಳಾಟ ನಡೆಯಿತು. ಹೈಕೋರ್ಟ್‌ವರೆಗೂ ಹೋಯಿತು. ಕೋರ್ಟ್ ದಾನದ ಪರವಾಗಿಯೇ ಹೇಳಿತು, ಆದರೆ ಅಷ್ಟು ದಿನ ಆ ಮನುಷ್ಯ ಶವಾಗಾರದಲ್ಲಿ ಮಲಗಿದ್ದರು.

ನಿಮ್ಮ ಮನೆಯಲ್ಲಿ ಕೋರ್ಟ್‌ಗೆ ಹೋಗುವಷ್ಟು ಪುರುಸೊತ್ತು ಇರುವುದಿಲ್ಲ. ಕಾಲೇಜಿನವರು ಬಾಗಿಲಲ್ಲಿ ಜಗಳ ಕಂಡರೆ "ನೀವು ನೀವೇ ಮಾತಾಡಿಕೊಂಡು ಬನ್ನಿ" ಅಂದುಬಿಡುತ್ತಾರೆ, ಅಷ್ಟೇ, ಅಣ್ಣ ಗೆದ್ದ ಹಾಗೆ. ಆದ್ದರಿಂದ ಅಣ್ಣನ ಹತ್ತಿರ ವಾದ ಮಾಡುವುದನ್ನು ನೀವು ನಿಲ್ಲಿಸಿ. ಮಾತಾಡಬೇಕಾದವರು ಅಮ್ಮ. "ಇದು ನನ್ನ ಆಸೆ ಕಣೋ, ನೀನೇ ಮುಂದೆ ನಿಂತು ಮಾಡಬೇಕು" ಅಂತ ಅವರ ಬಾಯಲ್ಲೇ ಬರಲಿ. ಅಣ್ಣನಿಗೆ ಬೇಜಾರಾಗಿರುವುದು ದಾನಕ್ಕೋ ಅಥವಾ ತನ್ನನ್ನು ಕೇಳದೆ ನೀವಿಬ್ಬರೇ ಸಹಿ ಮಾಡಿದ್ದಕ್ಕೋ? ನನಗೇನೋ ಎರಡನೆಯದರ ವಾಸನೆ ಬರುತ್ತಿದೆ.

ಕರ್ಮ ಮಾಡುವುದು ಹೇಗೆ? ದಹನವೇ ಇಲ್ಲ ಅಂದಮೇಲೆ ಅಸ್ಥಿ ಇಲ್ಲ, ಅಸ್ಥಿ ಇಲ್ಲದೆ ಪಶ್ಚಿಮವಾಹಿನಿಗೆ ಏನು ತೆಗೆದುಕೊಂಡು ಹೋಗುವುದು?
– ಬಸವನಗುಡಿ

ದೇಹ ಹೊರಡುವ ಮುಂಚೆ ಮನೆಯಲ್ಲಿ ಮಾಡುವ ಪೂಜೆಗೆ ಯಾರೂ ಬೇಡ ಅನ್ನುವುದಿಲ್ಲ. ಸ್ನಾನ ಮಾಡಿಸಿ, ಹೂ ಹಾಕಿ, ಬಾಯಿಗೆ ನೀರು ಬಿಟ್ಟು ಕಳಿಸಬಹುದು. ಆಮೇಲಿನದಕ್ಕೆ ದೇಹ ಸಿಗದೇ ಹೋದವರಿಗಾಗಿ ಶಾಸ್ತ್ರದಲ್ಲೇ ಹಳೆಯ ದಾರಿ ಇದೆ, ಮುತ್ತುಗದ ಎಲೆ ತೊಟ್ಟಿನಿಂದಲೋ ದರ್ಭೆಯಿಂದಲೋ ಪ್ರತಿಕೃತಿ ಮಾಡಿ ದಹನ ಮಾಡುವುದು. ನಿಮ್ಮ ಪುರೋಹಿತರು ಒಪ್ಪುತ್ತಾರಾ ಕೇಳಿ, ಒಪ್ಪದಿದ್ದರೆ ಒಪ್ಪುವವರು ಇದ್ದಾರೆ. ನಾವು ಹದಿಮೂರನೇ ದಿನ ವೈಕುಂಠ ಸಮಾರಾಧನೆ ಮಾಡಿದೆವು, ಒಬ್ಬಟ್ಟೂ ಹಾಕಿದೆವು. ಮೂರನೇ ದಿನ ಹಾಲುತುಪ್ಪ ಬಿಡುವ ಮನೆಯವರು ಜಾಗ ಎಲ್ಲಿ ಅಂತ ಕೇಳುತ್ತಾರೆ. ನನ್ನ ಗೆಳತಿಯ ಮನೆಯವರು ಅಪ್ಪ ನೆಟ್ಟ ತೆಂಗಿನ ಮರದ ಬುಡಕ್ಕೆ ಬಿಟ್ಟರು.

ಅಸ್ಥಿ ವಾಪಸ್ ಬರುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಓದು ಮುಗಿದ ಮೇಲೆ ಉಳಿದದ್ದನ್ನು ಕಾಲೇಜಿನವರೇ ಸಂಸ್ಕಾರ ಮಾಡುತ್ತಾರೆ, ಮೂಳೆಗಳನ್ನು ಪಾಠಕ್ಕೆ ಇಟ್ಟುಕೊಳ್ಳುವುದೂ ಉಂಟು. ಇದು ಮನಸ್ಸಿಗೆ ಒಪ್ಪದಿದ್ದರೆ ದೇಹದಾನ ಮಾಡಬೇಡಿ, ಕಣ್ಣು ಕೊಟ್ಟು ದಹನ ಮಾಡಿ. ಅದರಲ್ಲಿ ಕಡಿಮೆ ಏನಿಲ್ಲ. (ದೇವತೆಗಳಿಗೆ ತನ್ನ ಮೂಳೆಯನ್ನೇ ಕೊಟ್ಟ ದಧೀಚಿ ಋಷಿಯ ಕತೆ ಹೇಳಿ ಒಪ್ಪಿಸಿ ಅಂತ ಮೂರು ಜನ ಬರೆದಿದ್ದಾರೆ. ಆ ಕತೆ ಬಸವನಗುಡಿಯವರಿಗೆ ನಾನು ಹೇಳಬೇಕಾ?)

ಲಕ್ಷ ಲಕ್ಷ ಫೀಸು ವಸೂಲಿ ಮಾಡುವ ಖಾಸಗಿ ಕಾಲೇಜಿಗೆ ನಾನ್ಯಾಕೆ ಬಿಟ್ಟಿಯಾಗಿ ದೇಹ ಕೊಡಬೇಕು?
– ಪೀಣ್ಯ

ಕೊಡಬೇಡಿ. ಸರ್ಕಾರಿ ಕಾಲೇಜಿಗೆ ಕೊಡಿ.

ಹುಡುಗರು ಹೆಣದ ಜೊತೆ ತಮಾಷೆ ಮಾಡುತ್ತಾರೆ, ಸೆಲ್ಫಿ ತೆಗೆಯುತ್ತಾರೆ ಅಂತ ಕೇಳಿದ್ದೇನೆ. ಒಳಗೆ ನಿಜವಾಗಿ ಏನಾಗುತ್ತದೆ? ಮುಚ್ಚಿಡದೆ ಹೇಳಿ.
– ಯಲಹಂಕ

ತೊಡೆಯ ಅಥವಾ ಕುತ್ತಿಗೆಯ ರಕ್ತನಾಳದ ಮೂಲಕ ಫಾರ್ಮಾಲಿನ್, ಗ್ಲಿಸರಿನ್, ಸ್ಪಿರಿಟ್ ಎಲ್ಲ ಬೆರೆಸಿದ ದ್ರಾವಣವನ್ನು ನಿಧಾನವಾಗಿ ಮೈಗೆಲ್ಲ ಹರಿಸುತ್ತಾರೆ. ದೇಹ ಕೊಳೆಯುವುದು ನಿಲ್ಲುತ್ತದೆ, ಮಾಂಸ ಗಟ್ಟಿಯಾಗುತ್ತದೆ, ಬಣ್ಣ ಕಂದುತ್ತದೆ. ಆಮೇಲೆ ತೊಟ್ಟಿಯಲ್ಲಿ ಇಡುತ್ತಾರೆ. ಸರದಿ ಬಂದಾಗ ದೇಹ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್‌ಗೆ, ಎಂಬಿಬಿಎಸ್ ಮೊದಲ ವರ್ಷದವರ ಟೇಬಲ್ ಮೇಲೆ. ಒಂದು ದೇಹದ ಸುತ್ತ ಒಂದು ಗುಂಪು, ಕೈ, ಕಾಲು, ಎದೆ, ಹೊಟ್ಟೆ, ತಲೆ ಹೀಗೆ ವರ್ಷ ಪೂರ್ತಿ. ಹೆಸರು ಅವರಿಗೆ ಹೇಳುವುದಿಲ್ಲ. ಆ ವಾಸನೆಗೆ ಕಣ್ಣು ಉರಿಯುತ್ತದೆ, ಮೊದಲ ದಿನ ತಲೆ ಸುತ್ತಿ ಕೂರುವವರೂ ಇರುತ್ತಾರೆ.

ತಮಾಷೆ ಮಾಡುವವರೇ ಇಲ್ಲ ಅಂತ ನಾನು ಹೇಗೆ ಹೇಳಲಿ? ಹದಿನೆಂಟರ ಹುಡುಗರು. ಭಯಕ್ಕೂ ನಗು ಬರುತ್ತದೆ. ಆದರೆ ಈಗ ಕಾಲೇಜುಗಳಲ್ಲಿ ಮೊದಲ ದಿನ ಆ ದೇಹದ ಮುಂದೆ ನಿಲ್ಲಿಸಿ ಗೌರವದಿಂದ ನಡೆದುಕೊಳ್ಳುತ್ತೇವೆ ಅಂತ ಪ್ರತಿಜ್ಞೆ ಮಾಡಿಸುವ ಪದ್ಧತಿ ಬಂದಿದೆ.

ನನ್ನನ್ನು ಒಪ್ಪಿಸಿದ್ದು ಪ್ರತಿಜ್ಞೆಯಲ್ಲ, ಬೆಳಗಾವಿ ಕಡೆಯ ಒಂದು ಸಂಗತಿ. ಬೈಲಹೊಂಗಲದ ವೈದ್ಯ ಡಾ. ಬಿ.ಎಸ್. ರಾಮಣ್ಣವರ 2008ರಲ್ಲಿ ತೀರಿಕೊಂಡರು, ದೇಹ ಬೆಳಗಾವಿಯ ಆಯುರ್ವೇದ ಕಾಲೇಜಿಗೆ ಹೋಯಿತು. 2010ರಲ್ಲಿ ಅದನ್ನು ವಿದ್ಯಾರ್ಥಿಗಳ ಮುಂದೆ ಡಿಸೆಕ್ಷನ್ ಮಾಡಿ ಪಾಠ ಹೇಳಿದವರು ಅದೇ ಕಾಲೇಜಿನ ಮೇಷ್ಟ್ರು, ಅವರ ಸ್ವಂತ ಮಗ ಡಾ. ಮಹಾಂತೇಶ ರಾಮಣ್ಣವರ. ಇದನ್ನು ಓದಿ ನಮ್ಮ ಅತ್ತೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಫಾರಂ ತರಿಸು ಅಂದರು.

ನಮ್ಮ ಅಪ್ಪನ ದೇಹವನ್ನು ತೆಗೆದುಕೊಂಡು ಹೋದಾಗ "ಆಗಲ್ಲ" ಅಂತ ವಾಪಸ್ ಕಳಿಸಿದರು. ಹತ್ತು ವರ್ಷದ ಹಿಂದೆಯೇ ಹೆಸರು ಬರೆಸಿದ್ದವರು. ಆ ಅವಮಾನ ಇನ್ನೂ ಹೋಗಿಲ್ಲ.
– ಕೆಂಗೇರಿ

ಅಪ್ಪನನ್ನು ಹಾಗೆ ಬಾಗಿಲಿಂದ ವಾಪಸ್ ತರುವುದು ಎಂಥ ಸಂಕಟ ಅಂತ ಊಹಿಸಬಲ್ಲೆ. ಕಾರಣ ಏನು ಹೇಳಿದರು ಅಂತ ನೀವು ಬರೆದಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಕ್ಷಯ ಇಂಥ ಅಂಟುರೋಗ ಇದ್ದರೆ, ಅಪಘಾತ ಅಥವಾ ಪೊಲೀಸ್ ಕೇಸ್ ಆಗಿದ್ದರೆ, ಮೈ ಕೆಡಲು ಶುರುವಾಗಿದ್ದರೆ, ತೀರಾ ದಪ್ಪ ಇದ್ದರೆ ಬೇಡ ಅನ್ನುತ್ತಾರೆ. ಕೆಲವು ಸಲ ತೊಟ್ಟಿಯಲ್ಲಿ ಜಾಗವೇ ಇರುವುದಿಲ್ಲ. ಫಾರಂ ತುಂಬಿದ ದಿನ ಇದನ್ನೆಲ್ಲ ಯಾರಾದರೂ ಬಾಯಿಬಿಟ್ಟು ಹೇಳಿದ್ದರೆ ನಿಮಗೆ ಇಷ್ಟು ನೋವಾಗುತ್ತಿರಲಿಲ್ಲ. ಹೇಳುವುದಿಲ್ಲ, ಅದು ಅವರ ತಪ್ಪೇ. ಉಳಿದವರಿಗೆ ಹೇಳುತ್ತೇನೆ: ಗಾಡಿ ಹತ್ತಿಸುವ ಮುಂಚೆ ಫೋನಿನಲ್ಲಿ ಕಾಯಿಲೆಗಳನ್ನೆಲ್ಲ ಹೇಳಿ, "ತರಬಹುದಾ?" ಅಂತ ಕೇಳಿ, ಹೂಂ ಅಂದ ಮೇಲೆ ಹೊರಡಿ. ಇನ್ನೊಂದು ಕಾಲೇಜಿನ ನಂಬರೂ ಕೈಯಲ್ಲಿರಲಿ. ನಿಮ್ಮ ಅಪ್ಪ ಕೊಡಲು ಹೊರಟಿದ್ದರು, ಅದನ್ನು ಯಾರೂ ವಾಪಸ್ ಕಳಿಸಿಲ್ಲ.

ಬಿಪಿ, ಶುಗರ್ ಇದ್ದವರದು ಆಗುತ್ತದಾ? ಮೆದುಳು ಒಂದನ್ನೇ ಕೊಡಬಹುದಾ?
– ಆರ್.ಟಿ. ನಗರ

ಬಿಪಿ, ಶುಗರ್ ಅಡ್ಡಿಯಲ್ಲ, ವಯಸ್ಸಂತೂ ಅಲ್ಲವೇ ಅಲ್ಲ. ಮೆದುಳಿಗೆ ನಿಮ್ಹಾನ್ಸ್‌ನಲ್ಲಿ ಬ್ರೈನ್ ಬ್ಯಾಂಕ್ ಇದೆ, 1995ರಿಂದ. ಮರೆವಿನ ಕಾಯಿಲೆ, ಪಾರ್ಕಿನ್ಸನ್ ಇದ್ದವರ ಮೆದುಳು ಸಂಶೋಧನೆಗೆ ತುಂಬಾ ಬೇಕು. ಅಲ್ಲಿ ಮೆದುಳಿನ ಮ್ಯೂಸಿಯಂ ಕೂಡ ಇದೆ, ಸಾರ್ವಜನಿಕರನ್ನು ಬಿಡುತ್ತಾರೆ. ಹೋಗುವ ಮುಂಚೆ ದಿನ, ಹೊತ್ತು ಕೇಳಿಕೊಳ್ಳಿ. ಮಕ್ಕಳನ್ನು ಕರೆದುಕೊಂಡು ಹೋಗಿ, ಮಾಲ್‌ಗಿಂತ ಚೆನ್ನಾಗಿದೆ.

ನನಗೆ 19 ವರ್ಷ, ಬಿಕಾಂ ಓದ್ತಾ ಇದ್ದೀನಿ. ನಾನೂ ಫಾರಂ ತುಂಬಬಹುದಾ ಆಂಟಿ? ಅಮ್ಮನಿಗೆ ಹೇಳಿದರೆ ಕೊಂದೇಬಿಡ್ತಾರೆ.
– ನಾಗರಬಾವಿ

ತುಂಬಬಹುದು, 18 ಆಗಿದ್ದರೆ ಸಾಕು. ನಿನ್ನ ವಯಸ್ಸಿಗೆ ಮೊದಲು ಅಂಗಾಂಗ ದಾನಕ್ಕೆ ಹೆಸರು ಕೊಡು, ಆಧಾರ್ ಇದ್ದರೆ ಮೊಬೈಲ್‌ನಲ್ಲೇ ಆಗುತ್ತದೆ. ಆದರೆ ಅಮ್ಮನಿಗೆ ಹೇಳದೆ ತುಂಬಿದ ಫಾರಂನಿಂದ ಏನೂ ಉಪಯೋಗವಿಲ್ಲ ಮಗಾ, ಕೊನೆಗೆ ಕೇಳುವುದು ಅವರನ್ನೇ. ಹೇಳು. ಹಬ್ಬದ ದಿನ ಬೇಡ, ಊಟಕ್ಕೆ ಕೂತಾಗಂತೂ ಬೇಡ. ಮೊದಲು "ಅಮ್ಮ, ನಿನ್ನ ಕಣ್ಣು ದಾನ ಮಾಡ್ತೀಯಾ?" ಅಂತ ಶುರು ಮಾಡು ಅಂತ ಹೇಳೋಣ ಅಂದುಕೊಂಡೆ, ಅದೂ ಬೇಡ, ಇನ್ನೂ ಜಾಸ್ತಿ ಬೈಗುಳ ಬೀಳುತ್ತದೆ. ಈ ಪುಟವನ್ನು ಅಡುಗೆಮನೆ ಟೇಬಲ್ ಮೇಲೆ ಬಿಟ್ಟು ಕಾಲೇಜಿಗೆ ಹೋಗು. ಸಂಜೆ ಏನಾಯ್ತು ಅಂತ ಬರೆ.